ಜಾತ್ರೆಯ ಬಯಲು, ಮುಚ್ಚಿದ ಟೆಂಪೊ

2020ರ ಏಪ್ರಿಲ್‌ನಲ್ಲಿ ನಂಜನಗೂಡಿನ ಬಾಯಲ್ಲೆಲ್ಲ ಒಂದೇ ಮಾತು: ಚೀನಾದಿಂದ ಬಂದ ಪೆಟ್ಟಿಗೆ. ಮಾರ್ಚ್ 26ರಂದು ಅಲ್ಲಿನ ಕೈಗಾರಿಕಾ ಪ್ರದೇಶದ ಜುಬಿಲಂಟ್ ಔಷಧ ಕಾರ್ಖಾನೆಯ ಉದ್ಯೋಗಿಯೊಬ್ಬರಿಗೆ ಕೊರೊನಾ ಸೋಂಕಿರುವುದು ಗೊತ್ತಾಗಿತ್ತು. ಅವರು ವಿದೇಶಕ್ಕೆ ಹೋಗಿ ಬಂದವರಲ್ಲ. ಅಲ್ಲಿಂದ ಮುಂದೆ ಸಹೋದ್ಯೋಗಿಗಳು, ಅವರ ಮನೆಯವರು, ಒಬ್ಬರ ಬೆನ್ನಿಗೆ ಇನ್ನೊಬ್ಬರು. ಮೈಸೂರು ಜಿಲ್ಲೆಯಲ್ಲಿ ಆ ಮೊದಲ ಸುತ್ತಿನಲ್ಲಿ ಕಂಡ 90 ಪ್ರಕರಣಗಳಲ್ಲಿ 70ಕ್ಕೂ ಹೆಚ್ಚು ಈ ಒಂದು ಕಾರ್ಖಾನೆಯ ನಂಟಿನವು. ನೂರಾರು ಕುಟುಂಬಗಳು ಮನೆಯೊಳಗೇ ದಿಗ್ಬಂಧನದಲ್ಲಿ ಕೂತವು. ಶ್ರೀಕಂಠೇಶ್ವರನ ದೊಡ್ಡ ಜಾತ್ರೆ ನಡೆಯಲಿಲ್ಲ. ಐದು ತೇರೂ ನಿಂತಲ್ಲೇ ನಿಂತವು.

ರೋಗ ಎಲ್ಲಿಂದ ಬಂತು? ಕಚ್ಚಾವಸ್ತು ತುಂಬಿಕೊಂಡು ಬಂದ ಪೆಟ್ಟಿಗೆಯ ಮೇಲೆ ಅನುಮಾನ ಬಿತ್ತು. ಮಾದರಿಗಳು ಪುಣೆಯ ವೈರಾಣು ಸಂಸ್ಥೆಗೆ ಹೋದವು, ಸರ್ಕಾರ ಐಎಎಸ್ ಅಧಿಕಾರಿಯೊಬ್ಬರಿಗೆ ತನಿಖೆ ಒಪ್ಪಿಸಿತು. ಪೆಟ್ಟಿಗೆಯೇ ಮೂಲ ಎಂಬುದು ಸಾಬೀತಾಗಲಿಲ್ಲ. ಮೇ ಮಧ್ಯದ ಹೊತ್ತಿಗೆ 90 ಜನರೂ ಗುಣವಾಗಿ ಮನೆಗೆ ಹೋದರು. ಪೆಟ್ಟಿಗೆಯ ಕಥೆ ಮಾತ್ರ ಊರಿನಲ್ಲೇ ಉಳಿಯಿತು. ಇವತ್ತಿಗೂ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಮಾತು ತೆಗೆದರೆ ‘ಅದೇ ಕಣಣ್ಣ, ಆ ಕಂಟೈನರ್ರು’ ಎನ್ನುವವರು ಸಿಗುತ್ತಾರೆ.

ಪೆಟ್ಟಿಗೆಯ ಮೇಲೆ ಅನುಮಾನ ಪಡುವುದು ಸುಲಭ. ಅದು ಕಣ್ಣಿಗೆ ಕಾಣುತ್ತದೆ, ತೊಳೆದರೆ ತೊಳೆದಂತಾಗುತ್ತದೆ. ಆ ತಿಂಗಳುಗಳಲ್ಲಿ ನಾವು ತೊಳೆದದ್ದೇ ತೊಳೆದದ್ದು. ಹಾಲಿನ ಪ್ಯಾಕೆಟ್ಟು, ಸೊಪ್ಪು, ನೋಟು, ಬಾಗಿಲ ಚಿಲಕ. ಅಗ್ನಿಶಾಮಕ ದಳದ ಗಾಡಿಗಳು ಬೀದಿಗೆ ಬ್ಲೀಚಿಂಗ್ ನೀರು ಹೊಡೆದವು. ನಡುಮಧ್ಯಾಹ್ನದ ಬಿಸಿಲಿನಲ್ಲಿ ಖಾಲಿ ರಸ್ತೆಗೆ ಔಷಧ ಸಿಂಪಡಿಸುವುದಕ್ಕಿಂತ ನಿಷ್ಪ್ರಯೋಜಕವಾದ ಕೆಲಸ ಅಂದು ಇನ್ನೊಂದಿರಲಿಲ್ಲ. ಆದರೆ ಅದನ್ನು ಮಾಡಿಸಿದವರನ್ನು ಪೂರ್ತಿ ದೂರುವಂತೆಯೂ ಇಲ್ಲ. ನಂಜನಗೂಡಿನ ಮೊದಲ ಪ್ರಕರಣ ಗೊತ್ತಾದ ಎರಡೇ ದಿನಕ್ಕೆ, ಮಾರ್ಚ್ 28ರಂದು, ವಿಶ್ವ ಆರೋಗ್ಯ ಸಂಸ್ಥೆ ದೊಡ್ಡಕ್ಷರದಲ್ಲಿ ಟ್ವೀಟ್ ಮಾಡಿತ್ತು: ಕೋವಿಡ್ ಗಾಳಿಯಿಂದ ಹರಡುವುದಿಲ್ಲ, ಇದು ಸತ್ಯಸಂಗತಿ ಎಂದು. ಜಿನೀವಾದವರೇ ಹಾಗೆಂದ ಮೇಲೆ ನಂಜನಗೂಡಿನ ನಗರಸಭೆ ಏನು ಮಾಡೀತು?

ಅದು ಸತ್ಯಸಂಗತಿಯಾಗಿರಲಿಲ್ಲ. ಜುಲೈನಲ್ಲಿ 239 ವಿಜ್ಞಾನಿಗಳು ಬಹಿರಂಗ ಪತ್ರ ಬರೆದು, ಗಾಳಿಯಲ್ಲಿ ತೇಲುವ ಕಣಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ ಎಂದು ಕೇಳಬೇಕಾಯಿತು. ಮುಂದಾಳು ಆಸ್ಟ್ರೇಲಿಯಾದ ಲಿಡಿಯಾ ಮೊರಾವ್‌ಸ್ಕಾ, ವೃತ್ತಿಯಲ್ಲಿ ಭೌತವಿಜ್ಞಾನಿ. ವೈದ್ಯರಿಗೆ ಭೌತವಿಜ್ಞಾನಿ ಬುದ್ಧಿ ಹೇಳುವುದು ಯಾವ ಆಸ್ಪತ್ರೆಯಲ್ಲೂ ಸುಲಭವಲ್ಲ. ಸಂಸ್ಥೆ ಮೆತ್ತಗೆ ಮಾತು ಬದಲಿಸಿದ್ದು 2021ರ ಏಪ್ರಿಲ್ ಕೊನೆಗೆ. ಅಷ್ಟರಲ್ಲಿ ನಮ್ಮಲ್ಲಿ ಎರಡನೇ ಅಲೆ ಎದ್ದಿತ್ತು.

ಹಾಗಾದರೆ ನಮ್ಮ ಉಸಿರಿನಲ್ಲಿ ಏನು ಹೊರಬರುತ್ತದೆ? ಇದನ್ನು ಸ್ವಲ್ಪ ನಿಧಾನವಾಗಿಯೇ ನೋಡಬೇಕು.

ಸುಮ್ಮನೆ ಕೂತ ಮನುಷ್ಯ ಒಂದು ಉಸಿರಿಗೆ ಅರ್ಧ ಲೀಟರಿನಷ್ಟು ಗಾಳಿ ಎಳೆದು ಬಿಡುತ್ತಾನೆ. ದಿನಕ್ಕೆ 20,000 ಉಸಿರು, ಹತ್ತು ಸಾವಿರ ಲೀಟರಿಗೂ ಹೆಚ್ಚು ಗಾಳಿ. ಶ್ವಾಸಕೋಶದ ತುದಿಯಲ್ಲಿ ಬಹಳ ಸಣ್ಣ ಕೊಳವೆಗಳಿವೆ. ಉಸಿರು ಪೂರ್ತಿ ಬಿಟ್ಟಾಗ ಅವುಗಳಲ್ಲಿ ಕೆಲವು ಮುಚ್ಚಿಕೊಳ್ಳುತ್ತವೆ, ಮತ್ತೆ ಎಳೆದುಕೊಂಡಾಗ ತೆರೆದುಕೊಳ್ಳುತ್ತವೆ. ತೆರೆಯುವಾಗ ಒಳಗಿನ ತೇವದ ಪೊರೆ ಹರಿದು ಸಿಡಿಯುತ್ತದೆ. ಆ ಸಿಡಿತವೇ ಕಣ. ಅದರ ಅಗಲ ಒಂದು ಮೈಕ್ರಾನಿನ ಆಸುಪಾಸು, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಮಾತಾಡಿದರೆ ಗಂಟಲ ತಂತುಗಳು ಅದುರಿ ಇನ್ನಷ್ಟು ಕಣ ಏಳುತ್ತವೆ. ತುಟಿ ಸೇರಿಸಿ ಬಿಡುವ ‘ಪ’, ‘ಬ’ದಂಥ ಅಕ್ಷರಗಳಲ್ಲಿ ಎಂಜಲಿನ ಎಳೆ ಹಿಗ್ಗಿ ತುಂಡಾಗಿ ದಪ್ಪ ಹನಿಗಳಾಗುತ್ತವೆ. ದನಿ ಏರಿದಷ್ಟೂ ಕಣಗಳ ಸಂಖ್ಯೆ ಏರುತ್ತದೆ ಎಂಬುದನ್ನು ಕ್ಯಾಲಿಫೋರ್ನಿಯಾದ ಸಂಶೋಧಕರು 2019ರಲ್ಲೇ, ಕೋವಿಡ್ ಬರುವ ಮುಂಚೆ, ಅಳೆದು ತೋರಿಸಿದ್ದರು. ಪಿಸುಮಾತಿನವರಿಗಿಂತ ಮೈಕಿಲ್ಲದೆ ಹರಾಜು ಕೂಗುವವರು ಹೆಚ್ಚು ಕಣ ಬಿಡುತ್ತಾರೆ. ಅಷ್ಟೇ ಜೋರಾಗಿ ಮಾತಾಡಿದರೂ ಕೆಲವರು ಉಳಿದವರ ಹತ್ತು ಪಟ್ಟು ಕಣ ಬಿಡುತ್ತಾರೆ. ಯಾಕೆ ಎಂಬುದು ಮುಖ ನೋಡಿ ಹೇಳುವಂಥದ್ದಲ್ಲ.

ಹೊರಬಿದ್ದ ಮೇಲೆ ದಪ್ಪ ಕಣಕ್ಕೂ ಸಣ್ಣ ಕಣಕ್ಕೂ ಹಣೆಬರಹ ಬೇರೆ. ನೂರು ಮೈಕ್ರಾನಿನ ಹನಿ ಬಾಯಿಯ ಎತ್ತರದಿಂದ ಐದಾರು ಸೆಕೆಂಡಿನಲ್ಲಿ ನೆಲ ಮುಟ್ಟುತ್ತದೆ. ಹತ್ತು ಮೈಕ್ರಾನಿನದು ಎಂಟು ನಿಮಿಷ ತೆಗೆದುಕೊಳ್ಳುತ್ತದೆ. ಒಂದು ಮೈಕ್ರಾನಿನದು ಗಾಳಿಯಾಡದ ಕೋಣೆಯಲ್ಲಿ ನೆಲಕ್ಕಿಳಿಯಲು ಸುಮಾರು ಹನ್ನೆರಡು ಗಂಟೆ. ನಿಜವಾದ ಕೋಣೆಯಲ್ಲಿ ಗಾಳಿ ನಿಂತಿರುವುದೇ ಇಲ್ಲ. ನಮ್ಮ ಮೈಯ ಬಿಸಿಗೇ ಗಾಳಿ ಮೇಲೇಳುತ್ತದೆ, ಅದರ ಜೊತೆ ಕಣವೂ ಮೇಲೇಳುತ್ತದೆ. ಗರ್ಭಗುಡಿಯಲ್ಲಿ ಹಚ್ಚಿಟ್ಟ ಗಂಧದಕಡ್ಡಿಯ ಹೊಗೆ ಹೇಗೆ ಮೊದಲು ಎಳೆಯಾಗಿ ಎದ್ದು, ಹೊರಳಿ, ಆಮೇಲೆ ಎಲ್ಲಿ ನಿಂತರೂ ಮೂಗಿಗೆ ಬಡಿಯುವಂತೆ ತುಂಬಿಕೊಳ್ಳುತ್ತದೋ, ಉಸಿರಿನ ಕಣಗಳ ಪಾಡೂ ಅದೇ. ಕಡ್ಡಿಯ ಪಕ್ಕ ನಿಂತವನಿಗೆ ಹೊಗೆ ದಟ್ಟ, ಆರಡಿ ಆಚೆಯವನಿಗೆ ತೆಳು. ಬಾಗಿಲು ಹಾಕಿ ಅರ್ಧ ಗಂಟೆ ಬಿಟ್ಟರೆ ಇಬ್ಬರಿಗೂ ಒಂದೇ. ಆರಡಿ ಅಂತರದ ಗೆರೆಗಳನ್ನು ಅಂಗಡಿ ಮುಂದೆ ಸುಣ್ಣದಲ್ಲಿ ಬರೆದವರು ಮೊದಲರ್ಧವನ್ನಷ್ಟೇ ಹೇಳಿದ್ದರು.

ಇದು ಹೊಸ ತಿಳಿವಳಿಕೆಯೂ ಅಲ್ಲ. ಅಮೆರಿಕದ ವಿಲಿಯಂ ವೆಲ್ಸ್ ಎಂಬ ಎಂಜಿನಿಯರ್ 1934ರಲ್ಲೇ ಇದನ್ನು ಲೆಕ್ಕ ಹಾಕಿ ತೋರಿಸಿದ್ದ. ನೂರು ಮೈಕ್ರಾನಿಗಿಂತ ದಪ್ಪದವು ಒಣಗುವ ಮೊದಲೇ ನೆಲಕ್ಕೆ ಬೀಳುತ್ತವೆ, ಸಣ್ಣವು ಬೀಳುವ ಮೊದಲೇ ಒಣಗಿ ತೇಲುತ್ತವೆ ಎಂದು. ಹೊಲಸು ಗಾಳಿಯಿಂದ ರೋಗ ಬರುತ್ತದೆ ಎಂಬ ಹಳೆಯ ನಂಬಿಕೆಯನ್ನು ಕಷ್ಟಪಟ್ಟು ಓಡಿಸಿದ್ದ ವೈದ್ಯಲೋಕಕ್ಕೆ ಗಾಳಿಯ ಮಾತು ಮತ್ತೆ ಬೇಕಿರಲಿಲ್ಲ. ಮುಂದೆ ಎಲ್ಲೋ ಒಂದು ಕಡೆ ಈ ನೂರರ ಗೆರೆ ಐದಾಯಿತು. ಐದು ಮೈಕ್ರಾನಿಗಿಂತ ಸಣ್ಣದು ಶ್ವಾಸಕೋಶದ ಆಳಕ್ಕಿಳಿದು ಕ್ಷಯ ತರಬಲ್ಲದು ಎಂಬ ಬೇರೆಯದೇ ಸಂಗತಿ, ಐದಕ್ಕಿಂತ ದಪ್ಪದ್ದು ತೇಲುವುದಿಲ್ಲ ಎಂದು ಪಠ್ಯಪುಸ್ತಕ ಸೇರಿತು. ವರ್ಜೀನಿಯಾದ ಸಂಶೋಧಕಿ ಲಿನ್ಸಿ ಮಾರ್ ಮತ್ತು ಜೊತೆಗಾರರು ಈ ತಪ್ಪಿನ ಬೇರನ್ನು 2021ರಲ್ಲಿ ಅಗೆದು ತೆಗೆದರು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಜಗತ್ತಿನ ವೈದ್ಯ ವಿದ್ಯಾರ್ಥಿಗಳು ಉರು ಹೊಡೆದ ಅಂಕಿಯೊಂದು ನಕಲಿನ ತಪ್ಪಾಗಿತ್ತು ಎಂದರೆ ನಗಬೇಕೋ ಅಳಬೇಕೋ.

ವೆಲ್ಸ್ ಮತ್ತು ಅವನ ಶಿಷ್ಯ ರಿಚರ್ಡ್ ರೈಲಿ 1950ರ ದಶಕದ ಕೊನೆಯಲ್ಲಿ ಬಾಲ್ಟಿಮೋರ್‌ನ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಮಾಡಿದ ಪ್ರಯೋಗ ಇನ್ನೂ ಚೆಂದ. ಆರು ಹಾಸಿಗೆಯ ಕ್ಷಯದ ವಾರ್ಡು. ಅಲ್ಲಿಂದ ಹೊರಹೋಗುವ ಗಾಳಿಯನ್ನು ಕೊಳವೆಯಲ್ಲಿ ಮಹಡಿಗೆ ಒಯ್ದು, ಅಲ್ಲಿನ ಗಿನಿಯಿಲಿಗಳ ಗೂಡಿನೊಳಗೆ ಬಿಟ್ಟರು. ರೋಗಿಯ ಮುಖವನ್ನು ಇಲಿ ಕಂಡಿಲ್ಲ, ಎಂಜಲು ತಾಕಿಲ್ಲ, ಬಟ್ಟೆ ಮುಟ್ಟಿಲ್ಲ. ಇಲಿಗೆ ಸಿಕ್ಕಿದ್ದು ಗಾಳಿ ಒಂದೇ. ತಿಂಗಳಿಗೆ ಎರಡು-ಮೂರರಂತೆ ಇಲಿಗಳಿಗೆ ಕ್ಷಯ ತಗುಲಿತು. ಅದೇ ಗಾಳಿಯನ್ನು ನೇರಳಾತೀತ ದೀಪದಡಿ ಹಾಯಿಸಿ ಬಿಟ್ಟ ಎರಡನೇ ಗೂಡಿನ ಇಲಿಗಳು ಕ್ಷೇಮವಾಗಿದ್ದವು. ಎಲ್ಲ ರೋಗಿಗಳೂ ಸಮಾನವಾಗಿ ಹರಡಲಿಲ್ಲ ಎಂಬುದೂ ಅಲ್ಲೇ ಗೊತ್ತಾಯಿತು. ಬಹುಪಾಲು ಇಲಿಗಳಿಗೆ ಸೋಂಕು ಬಂದದ್ದು ಬೆರಳೆಣಿಕೆಯ ರೋಗಿಗಳಿಂದ. ಔಷಧ ಸರಿಯಾಗಿ ತಾಗಿದವರಿಂದ ಬಹಳ ಕಡಿಮೆ.

ಕ್ಷಯದ ಮಾತು ಬಂದರೆ ಮೈಸೂರನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಕೆಆರ್‌ಎಸ್ ರಸ್ತೆಯಲ್ಲಿ 1921ರಲ್ಲಿ ಶುರುವಾದ ಕ್ಷಯರೋಗ ಆಸ್ಪತ್ರೆಗೆ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿದೆ. ಅವರು ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ. ಕ್ಷಯವೇ ಅವರನ್ನು ಬಲಿ ತೆಗೆದುಕೊಂಡಿತ್ತು. ಅರಮನೆಯ ಗೋಡೆಗೂ ಈ ರೋಗ ಹೆದರಲಿಲ್ಲ. ಊರಿಂದಾಚೆ ಜಾಗ, ಎತ್ತರದ ಸೂರು, ದೊಡ್ಡ ಕಿಟಕಿ, ಹಗಲೆಲ್ಲ ಮಲಗಲು ವರಾಂಡ: ಅಂದಿನ ಸ್ಯಾನಿಟೋರಿಯಂಗಳ ಮಾದರಿ ಎಲ್ಲೆಡೆ ಇದೇ. ಮಾತ್ರೆಯಿಲ್ಲದ ಕಾಲದಲ್ಲಿ ಗಾಳಿ-ಬೆಳಕು ರೋಗಿಯನ್ನು ಗುಣಪಡಿಸಿದ್ದು ಕಡಿಮೆ. ಪಕ್ಕದ ಹಾಸಿಗೆಯವನನ್ನು, ಊಟ ಕೊಡಲು ಬಂದವಳನ್ನು ಮಾತ್ರ ಅದು ಕಾಪಾಡಿರಲೇಬೇಕು. ಪೆರು ದೇಶದ ಲಿಮಾ ನಗರದ ಆಸ್ಪತ್ರೆಗಳಲ್ಲಿ ಅಳೆದು 2007ರಲ್ಲಿ ಪ್ರಕಟಿಸಿದಾಗ ಇದಕ್ಕೆ ಲೆಕ್ಕ ಸಿಕ್ಕಿತು. 1950ಕ್ಕೆ ಮೊದಲು ಕಟ್ಟಿದ, ದೊಡ್ಡ ಕಿಟಕಿಯ ವಾರ್ಡುಗಳಲ್ಲಿ ಕಿಟಕಿ ತೆಗೆದಿಟ್ಟರೆ ಗಂಟೆಗೆ ನಲವತ್ತು ಸಲ ಗಾಳಿ ಬದಲಾಗುತ್ತಿತ್ತು. ಯಂತ್ರ ಹಾಕಿ ಗಾಳಿ ಹಾಯಿಸುವ ಹೊಸ ಕೋಣೆಗಳಲ್ಲಿ ಹನ್ನೆರಡು. ಹೊಸ ಕಟ್ಟಡ ಒಳ್ಳೆಯದು ಎಂದು ನಂಬಿ ಹಳೆಯ ತಾಲ್ಲೂಕು ಆಸ್ಪತ್ರೆಗಳನ್ನು ಕೆಡವುವವರು ಈ ಎರಡು ಅಂಕಿಗಳನ್ನು ಒಮ್ಮೆ ಓದಿಕೊಂಡರೆ ಒಳ್ಳೆಯದಿತ್ತು.

ಬಾಲ್ಟಿಮೋರ್ ಪ್ರಯೋಗದ ಕಾಲದ್ದೇ ಇನ್ನೊಂದು ಅಧ್ಯಯನ ನಮ್ಮ ಪಕ್ಕದ ಮದರಾಸಿನದು. 1956ರಿಂದ ಅಲ್ಲಿ ಬಡ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಸ್ಯಾನಿಟೋರಿಯಂನಲ್ಲಿ ಒಳ್ಳೆಯ ಊಟ-ವಿಶ್ರಾಂತಿಯೊಂದಿಗೆ, ಇನ್ನೊಂದು ಗುಂಪಿಗೆ ಕಿಕ್ಕಿರಿದ ಮನೆಯಲ್ಲೇ ಔಷಧ ಕೊಟ್ಟರು. ಗುಣವಾದದ್ದು ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಮನೆಯಲ್ಲಿದ್ದವರ ಹೆಂಡತಿ-ಮಕ್ಕಳಿಗೆ ಹೆಚ್ಚಾಗಿ ರೋಗ ಹರಡಲೂ ಇಲ್ಲ. ಯಾಕೆಂದರೆ ಔಷಧ ಶುರುವಾದ ಮೇಲೆ ಉಸಿರಿನಲ್ಲಿ ಬರುವ ಜೀವಂತ ಕ್ರಿಮಿ ಬೇಗ ತಗ್ಗುತ್ತದೆ. ಹರಡುವುದು ಹರಡಿರುವುದು ರೋಗ ಪತ್ತೆಯಾಗುವ ಮುಂಚಿನ ತಿಂಗಳುಗಳಲ್ಲಿ. ಅಂದರೆ ಅಪಾಯ ಇರುವುದು ಗೊತ್ತಿರುವ ರೋಗಿಯಿಂದಲ್ಲ. ಇಷ್ಟು ಹಳೆಯ ಸತ್ಯ ಗೊತ್ತಿದ್ದೂ ಮಾತ್ರೆ ನುಂಗುತ್ತಿರುವವರ ತಟ್ಟೆ-ಲೋಟ ಬೇರೆ ಇಡುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಕ್ಷಯ ತಟ್ಟೆಯಿಂದ ಬರುವ ರೋಗವೇ ಅಲ್ಲ.

ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ವಿಚಾರಿಸಿ 1963ರಲ್ಲಿ ಪ್ರಕಟಿಸಿದ ಸಂಗತಿ ಇನ್ನೂ ಚುಚ್ಚುತ್ತದೆ. ಹಳ್ಳಿಯವರಿಗೆ ಅರಿವಿಲ್ಲ, ಅದಕ್ಕೇ ಆಸ್ಪತ್ರೆಗೆ ಬರುವುದಿಲ್ಲ ಎಂದು ಎಲ್ಲರೂ ಹೇಳುತ್ತಿದ್ದ ಕಾಲ. ನೋಡಿದರೆ ಕ್ಷಯ ಇದ್ದವರಲ್ಲಿ ಅರ್ಧದಷ್ಟು ಜನ ಅದಾಗಲೇ ಆಸ್ಪತ್ರೆಗೆ ಹೋಗಿ ಬಂದಿದ್ದರು. ಕೆಮ್ಮಿನ ಔಷಧದ ಸೀಸೆ ಕೊಟ್ಟು ಅವರನ್ನು ವಾಪಸ್ ಕಳಿಸಲಾಗಿತ್ತು.

ಕೆಮ್ಮು ಎಂದರೆ ಇನ್ನೊಂದು ಮಾತು. ಕ್ಷಯ ಹರಡುವುದು ಕೆಮ್ಮಿನಿಂದ ಎಂದೇ ಇಷ್ಟು ವರ್ಷ ಗೋಡೆ ಮೇಲೆ ಬರೆದಿದ್ದೇವೆ. ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನ ಸಂಶೋಧಕರು ರೋಗಿಗಳನ್ನು ಶುದ್ಧ ಗಾಳಿಯ ಪುಟ್ಟ ಕೋಣೆಯಲ್ಲಿ ಕೂರಿಸಿ, ಹೊರಬಂದ ಕ್ರಿಮಿಗಳನ್ನು ಎಣಿಸಿ 2021ರಲ್ಲಿ ಹೇಳಿದ್ದು ಬೇರೆ. ಒಂದು ಕೆಮ್ಮಿನಲ್ಲಿ ಒಂದು ಉಸಿರಿಗಿಂತ ಹೆಚ್ಚು ಕ್ರಿಮಿ ಇರುವುದು ನಿಜ. ಆದರೆ ಕೆಮ್ಮು ದಿನಕ್ಕೆ ನೂರಾರು, ಉಸಿರು ಇಪ್ಪತ್ತು ಸಾವಿರ. ಒಟ್ಟು ಲೆಕ್ಕದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಕ್ರಿಮಿ ಸುಮ್ಮನೆ ಬಿಡುವ ಉಸಿರಿನಿಂದಲೇ ಬರಬಹುದು ಎಂಬುದು ಅವರ ಅಂದಾಜು. ನಮ್ಮ ದೇಶದ ರಾಷ್ಟ್ರೀಯ ಕ್ಷಯ ಸಮೀಕ್ಷೆಯೂ (2019–21) ಅದೇ ದಿಕ್ಕನ್ನು ತೋರಿಸಿತ್ತು: ಎಕ್ಸ್-ರೇ ತೆಗೆಯದೆ ಲಕ್ಷಣಗಳನ್ನಷ್ಟೇ ಕೇಳಿದ್ದರೆ ನೂರರಲ್ಲಿ ನಲವತ್ತೆರಡು ರೋಗಿಗಳು ಕೈತಪ್ಪಿ ಹೋಗುತ್ತಿದ್ದರು. ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೆ ಬಂದು ‘ಎರಡು ವಾರದಿಂದ ಕೆಮ್ಮೇನಾದ್ರೂ ಇದೆಯಾ ಅಜ್ಜಿ?’ ಎಂದು ಕೇಳುವುದು ಬೇಕು. ‘ಇಲ್ಲ ಕಣವ್ವ’ ಎಂಬ ಉತ್ತರವೊಂದೇ ಸಾಲದು.

ಈಗ ಜಾತ್ರೆಯ ಮಾತಿಗೆ, ಮುಡುಕುತೊರೆಗೆ ಬರೋಣ. ನಂಜನಗೂಡಿನ ಕಪಿಲೆ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರಿ, ಅಲ್ಲಿಂದ ತಲಕಾಡಿನ ಕಡೆಗೆ ಹರಿಯುವ ದಾರಿಯಲ್ಲಿ, ದಂಡೆಯ ಸೋಮಗಿರಿ ಬೆಟ್ಟದ ಮೇಲೆ ಭ್ರಮರಾಂಬ ಮಲ್ಲಿಕಾರ್ಜುನಸ್ವಾಮಿ. ತಲಕಾಡು ಪಂಚಲಿಂಗಗಳಲ್ಲಿ ಇದೂ ಒಂದು. ಮಾಘದ ಚಳಿಯಲ್ಲಿ ಇಲ್ಲಿ ತೇರು, ತೆಪ್ಪೋತ್ಸವ, ದನಗಳ ಪರಿಷೆ. ಹಳ್ಳಿಕಾರ್ ಜೋಡೆತ್ತುಗಳು, ಅವಕ್ಕೆ ಹಾಕಿದ ಚಪ್ಪರ, ಕೊಂಬಿಗೆ ಬಣ್ಣ, ಹುರಿಹಗ್ಗ-ಗಗ್ಗರದ ಅಂಗಡಿಗಳು, ಕಡಲೆಪುರಿಯ ರಾಶಿ. ನರಸೀಪುರದ ತ್ರಿವೇಣಿ ಸಂಗಮದಲ್ಲಿ 1989ರಿಂದ ಮೂರು ವರ್ಷಕ್ಕೊಮ್ಮೆ ಕುಂಭಮೇಳ. 2022ರದು ಕೋವಿಡ್ಡಿನಿಂದ ತಪ್ಪಿ, ಮತ್ತೆ ಸೇರಿದ್ದು 2025ರ ಫೆಬ್ರುವರಿಯಲ್ಲಿ. ಅದಕ್ಕೂ ಮುಂಚೆ 2020ರ ಡಿಸೆಂಬರ್ 14ರಂದು ತಲಕಾಡಿನ ಪಂಚಲಿಂಗ ದರ್ಶನ ಬಂತು. ಲಕ್ಷಗಟ್ಟಲೆ ಜನ ಬರಬೇಕಾದ ಆ ಮಹೋತ್ಸವವನ್ನು ಸಂಖ್ಯೆ ಮಿತಿಗೊಳಿಸಿ ಸರಳವಾಗಿ ಮುಗಿಸಿದರು.

ಅಂದು ಮಿತಿ ಹಾಕಿದ್ದನ್ನು ನಾನು ತಪ್ಪೆನ್ನುವುದಿಲ್ಲ. ಆದರೆ ಜಾತ್ರೆ ಎಂದ ಕೂಡಲೇ ‘ಜನಜಂಗುಳಿ, ಅದಕ್ಕೇ ಸೋಂಕು’ ಎಂದು ಒಂದೇ ಉಸಿರಿಗೆ ಹೇಳಿಬಿಡುವ ಅಭ್ಯಾಸ ನನಗೆ ಒಪ್ಪಿಗೆಯಿಲ್ಲ. ಪರಿಷೆಯ ಬಯಲಿನಲ್ಲಿ ಸೂರಿಲ್ಲ, ಗೋಡೆಯಿಲ್ಲ. ಹೊಳೆಯ ಕಡೆಯಿಂದ ಬೀಸುವ ಗಾಳಿ ಯಾರ ಉಸಿರನ್ನೂ ಹೆಚ್ಚು ಹೊತ್ತು ಒಂದೆಡೆ ನಿಲ್ಲಗೊಡುವುದಿಲ್ಲ. ಮೇಲಿಂದ ಬಿಸಿಲು. ಮೈಗೆ ಮೈ ತಾಗಿಸಿ ಮುಖಕ್ಕೆ ಮುಖ ಕೊಟ್ಟು ಕೂಗಿದರೆ ಬಯಲಿನಲ್ಲೂ ಸೋಂಕು ದಾಟೀತು. ತೇರಿನ ಹಗ್ಗ ಹಿಡಿಯುವ ಕಡೆ ಅಂಥ ಒತ್ತಡ ಇದ್ದೇ ಇರುತ್ತದೆ. ಆದರೂ ಅದೇ ಜನ ಅದೇ ದಿನ ಹೊಕ್ಕು ಬರುವ ಮುಚ್ಚಿದ ಜಾಗಗಳ ಮುಂದೆ ಬಯಲು ಏನೇನೂ ಅಲ್ಲ.

ಯಾವುವು ಆ ಜಾಗಗಳು? ಮೊದಲನೆಯದು ದೇವರ ಮುಂದಿನದೇ. ಗರ್ಭಗುಡಿಗೆ ಕಿಟಕಿ ಇರುವುದಿಲ್ಲ. ಭಕ್ತರು ಅಲ್ಲಿ ಒಂದು ಕ್ಷಣ ನಿಂತು ಹೋಗುತ್ತಾರೆ. ದಿನವಿಡೀ ಮಂತ್ರ ಹೇಳುತ್ತ ನಿಲ್ಲುವ ಅರ್ಚಕರ ಪಾಡು ಯಾರೂ ಯೋಚಿಸಿದ್ದಲ್ಲ. ಎರಡನೆಯದು ರಾತ್ರಿ ತಂಗುವ ಛತ್ರ, ಚಳಿಗೆಂದು ಬಾಗಿಲು-ಕಿಟಕಿ ಜಡಿದುಕೊಂಡು ಸಾಲಾಗಿ ಮಲಗುವ ಕೋಣೆ. ಮೂರನೆಯದು ಕಲ್ಯಾಣ ಮಂಟಪ. ನಾಲ್ಕನೆಯದು ಭಜನೆಯ ಕೋಣೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ಕಣಿವೆಯಲ್ಲಿ 2020ರ ಮಾರ್ಚ್ 10ರ ಸಂಜೆ 61 ಜನ ಸೇರಿ ಎರಡೂವರೆ ಗಂಟೆ ಮೇಳಗಾನ ಅಭ್ಯಾಸ ಮಾಡಿದರು. ಒಬ್ಬರಿಗೆ ನೆಗಡಿಯಂಥ ಲಕ್ಷಣವಿತ್ತು. ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡೇ ಒಳಹೊಕ್ಕಿದ್ದರು. 53 ಜನರಿಗೆ ಕೋವಿಡ್ ಬಂತು, ಇಬ್ಬರು ತೀರಿಕೊಂಡರು. ಬಾಗಿಲು ಹಾಕಿಕೊಂಡು ಏರುದನಿಯಲ್ಲಿ ಭಜನೆ ಮಾಡುವ ನಮ್ಮೂರುಗಳಿಗೆ ಇದಕ್ಕಿಂತ ನೇರವಾದ ಪಾಠ ಸಿಗಲಾರದು.

ಐದನೆಯದು ಟೆಂಪೊ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಕೆಟ್ಟದ್ದು. ಬೇಕಾದರೆ ಲೆಕ್ಕ ಹಾಕಿ. ಎ.ಸಿ. ಹಾಕಿ ಗಾಜು ಏರಿಸಿದ ಟೆಂಪೊ ಟ್ರಾವೆಲರಿನೊಳಗೆ ಹತ್ತು ಸಾವಿರ ಲೀಟರಿನಷ್ಟು ಗಾಳಿ ಇದೆ ಎನ್ನಿ. ಹನ್ನೆರಡು ಜನ, ತಲಾ ನಿಮಿಷಕ್ಕೆ ಎಂಟು ಲೀಟರು. ಹೊರಗಿನ ಗಾಳಿ ಬರದೇ ಹೋದರೆ ಒಂದು ಗಂಟೆಯ ದಾರಿಯಲ್ಲಿ ಐದೂವರೆ ಸಾವಿರ ಲೀಟರಿಗೂ ಹೆಚ್ಚು, ಅಂದರೆ ಗಾಡಿಯ ಅರ್ಧಕ್ಕಿಂತ ಹೆಚ್ಚು ಗಾಳಿ, ಯಾರದೋ ಎದೆಯೊಳಗೆ ಹೋಗಿ ಬಂದಂತಾಯಿತು. ಸಂದಿಗೊಂದಿಗಳಲ್ಲಿ ಗಾಳಿ ನುಗ್ಗುವುದರಿಂದ ನಿಜದಲ್ಲಿ ಅಷ್ಟಾಗದು. ಎ.ಸಿ. ತಂಪು ಮಾಡುತ್ತದೆಯೇ ಹೊರತು ತಾಜಾ ಮಾಡುವುದಿಲ್ಲ ಎಂಬುದನ್ನು ಮಾತ್ರ ಬಹಳ ಜನ ನಂಬುವುದೇ ಇಲ್ಲ. ಹೊರಗಿನ ಗಾಳಿಯ ಕಿಂಡಿ ಮುಚ್ಚಿದ್ದರೆ ಅದು ಒಳಗಿನದನ್ನೇ ತಿರುತಿರುಗಿ ಊದುತ್ತದೆ. ಇದರ ಪಕ್ಕದಲ್ಲಿ ಷಟರ್ ಎತ್ತಿ, ಧೂಳು ಕುಡಿದುಕೊಂಡು ಹೋಗುವ ಕೆಂಪು ಬಸ್ಸನ್ನಿಡಿ. ಉಸಿರಿನ ಸೋಂಕಿನ ಮಟ್ಟಿಗೆ ಕೆಂಪು ಬಸ್ಸಿಗೇ ನನ್ನ ಮತ. ಹಿಂದೆ ತೆರೆದ ಗೂಡ್ಸ್ ಗಾಡಿಗೆ ಇನ್ನೂ ಹೆಚ್ಚು ಅಂಕ ಸಿಗುತ್ತಿತ್ತು. ಅದರಲ್ಲಿ ಜನರನ್ನು ತುಂಬುವುದು ಕಾನೂನಿಗೆ ವಿರುದ್ಧ, ಉರುಳಿದರೆ ಪ್ರಾಣಕ್ಕೇ ಕುತ್ತು ಎಂಬುದನ್ನು ಮರೆಯಬೇಡಿ.

ಕೋಣೆಯ ಗಾಳಿ ಎಷ್ಟು ಹಳಸಿದೆ ಎಂದು ತಿಳಿಯಲು ಇಂಗಾಲದ ಡೈ ಆಕ್ಸೈಡ್ ಅಳೆಯುವ ಪುಟ್ಟ ಮೀಟರು ಸಾಕು. ಹೊರಗಿನ ಗಾಳಿಯಲ್ಲಿ ಅದು ಹತ್ತು ಲಕ್ಷದಲ್ಲಿ 420 ಪಾಲು. ನಾವು ಬಿಡುವ ಉಸಿರಿನಲ್ಲಿ ನೂರು ಪಟ್ಟು. ಕೋಣೆಯಲ್ಲಿ 1,200 ತೋರಿಸಿದರೆ ನೀವು ಎಳೆಯುವ ಪ್ರತಿ ಐವತ್ತು ಉಸಿರಿನಲ್ಲಿ ಒಂದು ಇನ್ನೊಬ್ಬರು ಬಿಟ್ಟದ್ದು. 2,000 ಆದರೆ ಇಪ್ಪತ್ತೈದರಲ್ಲಿ ಒಂದು. ರೋಗಿ ಇದ್ದಾನೋ ಇಲ್ಲವೋ ಮೀಟರಿಗೆ ಗೊತ್ತಾಗದು. ಇದ್ದರೆ ಅವನ ಉಸಿರು ನಿಮಗೆಷ್ಟು ತಲುಪುತ್ತಿದೆ ಎಂಬುದನ್ನು ಅದು ಹೇಳುತ್ತದೆ.

ಪರಿಷೆಯಲ್ಲಿ ಉಸಿರಾಡುವವರು ಮನುಷ್ಯರು ಮಾತ್ರವೇ ಅಲ್ಲವಲ್ಲ. ಕಾಲುಬಾಯಿ ಜ್ವರದ ಹೆಸರು ಕೇಳಿದರೆ ದನ ಕಟ್ಟಿದವರ ಎದೆ ಧಸಕ್ಕೆನ್ನುತ್ತದೆ. 2013ರಲ್ಲಿ ಅದು ನಮ್ಮ ರಾಜ್ಯದಲ್ಲಿ ಸಾವಿರಾರು ರಾಸುಗಳನ್ನು ಕೊಂದು, ದನದ ಸಂತೆ-ಜಾತ್ರೆಗಳನ್ನು ನಿಲ್ಲಿಸಿತ್ತು. ಈ ವೈರಾಣುವೂ ಉಸಿರಿನಲ್ಲಿ ಸಾಗುತ್ತದೆ. 1981ರ ಮಾರ್ಚ್‌ನಲ್ಲಿ ಫ್ರಾನ್ಸಿನ ಬ್ರಿಟನಿಯ ಹಂದಿಗಳ ಉಸಿರಿನಲ್ಲಿ ಹೊರಟ ವೈರಾಣು ಸಮುದ್ರದ ಮೇಲೆ ಸುಮಾರು 250 ಕಿಲೋಮೀಟರ್ ತೇಲಿ ಇಂಗ್ಲೆಂಡಿನ ವೈಟ್ ದ್ವೀಪದ ದನಗಳಿಗೆ ತಗುಲಿತು. ಹವಾಮಾನ ನೋಡಿ ವಿಜ್ಞಾನಿಗಳು ಅದನ್ನು ಮುಂಚಿತವಾಗಿಯೇ ಊಹಿಸಿದ್ದರು. ಹಂದಿ ಉಸಿರಿನಲ್ಲಿ ವೈರಾಣು ಬಿಡುವುದರಲ್ಲಿ ಮುಂದು, ದನ ಎಳೆದುಕೊಳ್ಳುವುದರಲ್ಲಿ ಮುಂದು. ಅದರ ಶ್ವಾಸಕೋಶ ದೊಡ್ಡದು, ನಿಮಿಷಕ್ಕೆ ಎಳೆಯುವ ಗಾಳಿ ನಮ್ಮ ಹತ್ತಾರು ಪಟ್ಟು. ಹಾಗೆಂದು ಮುಡುಕುತೊರೆಯ ಜೋಡೆತ್ತುಗಳಿಗೆ ಬೀಸುಗಾಳಿಯ ಭಯ ದೊಡ್ಡದಲ್ಲ. ಮೂತಿಗೆ ಮೂತಿ ತಾಗುವಂತೆ ಕಟ್ಟುವುದು, ಒಂದೇ ತೊಟ್ಟಿಯ ನೀರು, ರೋಗ ಮುಚ್ಚಿಟ್ಟು ಮಾರಲು ತಂದ ರಾಸು, ಇವೇ ಹೆಚ್ಚು ಕೆಡಿಸುತ್ತವೆ. ಜಾತ್ರೆಗೆ ವಾರಗಳ ಮುಂಚೆಯೇ ಲಸಿಕೆ ಹಾಕಿಸಿದವರು ನೆಮ್ಮದಿಯಾಗಿರಬಹುದು.

ಮತ್ತೆ ನಂಜನಗೂಡಿಗೆ. ಔಷಧ ತಯಾರಿಸುವ ಯಾವುದೇ ಒಳ್ಳೆಯ ಕಾರ್ಖಾನೆಯ ಸ್ವಚ್ಛ ಕೋಣೆಗೆ ಹೋಗಬೇಕಾದರೆ ಬೂಟು, ಗೌನು, ಟೋಪಿ, ಮಾಸ್ಕು ಎಲ್ಲ ತೊಡಬೇಕು. ಒಳಗಿನ ಗಾಳಿಯನ್ನು ಗಂಟೆಗೆ ಹತ್ತಾರು ಸಲ ಸೋಸಿ ಬಿಡುತ್ತಾರೆ. ಯಾಕೆಂದರೆ ಆ ಕೋಣೆಯಲ್ಲಿ ಅತಿ ಹೆಚ್ಚು ಕಣ ಉದುರಿಸುವ ವಸ್ತು ಮನುಷ್ಯನೇ ಎಂಬುದು ಆ ಉದ್ಯಮಕ್ಕೆ ದಶಕಗಳಿಂದ ಗೊತ್ತು. ಮಾತ್ರೆಯನ್ನು ಮನುಷ್ಯನ ಉಸಿರಿನಿಂದ ಕಾಪಾಡುವ ವಿದ್ಯೆ ಕರಗತವಾಗಿದೆ. ಮಾತ್ರೆ ನುಂಗುವ ಮನುಷ್ಯನನ್ನು ಇನ್ನೊಬ್ಬ ಮನುಷ್ಯನ ಉಸಿರಿನಿಂದ ಕಾಪಾಡಲು ಅದರ ಹತ್ತರಲ್ಲೊಂದು ಭಾಗವನ್ನೂ ನಾವು ಖರ್ಚು ಮಾಡಿಲ್ಲ. ಕ್ಯಾಂಟೀನು, ಸಿಬ್ಬಂದಿ ಬಸ್ಸು, ಬಟ್ಟೆ ಬದಲಿಸುವ ಕೋಣೆ, ಸಭೆಯ ಹಾಲು: ಯಾವ ಉದ್ಯಮದಲ್ಲೂ ಇವಕ್ಕೆ ಗಾಳಿಯ ಲೆಕ್ಕ ಇಟ್ಟವರು ಕಡಿಮೆ. ಹಾಸ್ಟೆಲು, ಅಂಗನವಾಡಿ, ತಾಲ್ಲೂಕು ಕಚೇರಿಗಳ ಕಥೆ ಹೇಳುವುದೇ ಬೇಡ. ಕುಡಿಯುವ ನೀರಿಗೆ ಪರೀಕ್ಷೆಯಿದೆ, ಹೋಟೆಲಿನ ಅಡುಗೆಮನೆಗೆ ಪರವಾನಗಿಯಿದೆ. ನಲವತ್ತು ಮಕ್ಕಳು ದಿನಕ್ಕೆ ಆರು ಗಂಟೆ ಉಸಿರಾಡುವ ತರಗತಿಯ ಗಾಳಿಯನ್ನು ಯಾರೂ ಕೇಳುವುದಿಲ್ಲ. ದಡಾರ ಬಂದ ಮಗುವೊಂದು ಎದ್ದು ಹೋದ ಮೇಲೂ ಎರಡು ಗಂಟೆ ಆ ಕೋಣೆಯ ಗಾಳಿಯಲ್ಲಿ ಸೋಂಕು ಉಳಿದಿರಬಲ್ಲದು. ನಮ್ಮನ್ನು ಕಾಯುತ್ತಿರುವುದು ಲಸಿಕೆ.

2021ರ ಮೇ 20ರಂದು ಕೇಂದ್ರ ಸರ್ಕಾರದ ಪ್ರಧಾನ ವೈಜ್ಞಾನಿಕ ಸಲಹೆಗಾರ ಕೆ. ವಿಜಯರಾಘವನ್ ಅವರ ಕಚೇರಿ ಸುಲಭವಾದ ಸಲಹಾಪತ್ರವೊಂದನ್ನು ಹೊರಡಿಸಿತು. ಸೂಕ್ಷ್ಮ ಕಣಗಳು ಹತ್ತು ಮೀಟರಿನವರೆಗೂ ಹೋಗಬಲ್ಲವು, ಕಿಟಕಿ-ಬಾಗಿಲು ತೆರೆಯಿರಿ, ಗಾಳಿ ಹೊರತಳ್ಳುವ ಫ್ಯಾನ್ ಹಾಕಿ ಎಂದು ಅದು ಸ್ಪಷ್ಟವಾಗಿ ಹೇಳಿತ್ತು. ಆ ಎರಡು ವರ್ಷಗಳಲ್ಲಿ ಬಂದ ಸರ್ಕಾರಿ ಕಾಗದಗಳಲ್ಲಿ ಅತ್ಯಂತ ಉಪಯುಕ್ತವಾದದ್ದು ಅದು. ಅಲೆ ಇಳಿದ ಮೇಲೆ ಅದನ್ನು ಯಾರೂ ಹೊರತೆಗೆದಂತೆ ಕಾಣೆ. 2024ರ ಏಪ್ರಿಲ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಐದು ಮೈಕ್ರಾನಿನ ಗೆರೆಯನ್ನು ಕೈಬಿಟ್ಟು, ದಪ್ಪವೋ ಸಣ್ಣದೋ, ಉಸಿರಿನಿಂದ ಬರುವ ಸೋಂಕಿನ ಕಣಗಳೆಲ್ಲ ಒಂದೇ ಸಾಲಿನವು ಎಂದು ಒಪ್ಪಿಕೊಂಡಿತು. ತೊಂಬತ್ತು ವರ್ಷಗಳ ಬಳಿಕ ವೆಲ್ಸ್ ಗೆದ್ದ.

ಮುಡುಕುತೊರೆ, ನರಸೀಪುರ, ನಂಜನಗೂಡುಗಳ ದೇವಸ್ಥಾನ ಸಮಿತಿಯವರಲ್ಲಿ, ಪಂಚಾಯಿತಿಯವರಲ್ಲಿ ಒಂದು ಕೋರಿಕೆ. ದರ್ಶನದ ಸರದಿಯನ್ನು ತಗಡಿನ ಸುರಂಗದೊಳಗೆ ನಿಲ್ಲಿಸದೆ ತೆರೆದ ಚಪ್ಪರದಡಿ ನಿಲ್ಲಿಸಿ. ಛತ್ರದ ಪ್ರತಿ ಕೋಣೆಗೂ ಎದುರುಬದುರು ಕಿಟಕಿ ಇಡಿ, ಒಂದು ಕಡೆ ಗಾಳಿ ಹೊರತಳ್ಳುವ ಫ್ಯಾನ್ ಹಾಕಿಸಿ. ಮೇಜಿನ ಮೇಲೆ ತಿರುಗುವ ಫ್ಯಾನ್ ಆ ಕೆಲಸ ಮಾಡುವುದಿಲ್ಲ. ಅರ್ಚಕರ ಎದೆಯ ಎಕ್ಸ್-ರೇ ವರ್ಷಕ್ಕೊಮ್ಮೆ ಆಗಲಿ. ಜಾತ್ರೆಗೆ ಟೆಂಪೊ ಮಾಡಿಕೊಂಡು ಹೋಗುವವರು ಚಳಿಯಾದರೂ ಎರಡು ಗಾಜು, ಮುಂದೊಂದು ಹಿಂದೊಂದು, ನಾಲ್ಕು ಬೆರಳು ಇಳಿಸಿ. ಮನೆಯಲ್ಲಿ ಯಾರಿಗಾದರೂ ಎರಡು ವಾರ ಮೀರಿದ ಕೆಮ್ಮು, ಸಂಜೆ ಜ್ವರ, ತೂಕ ಇಳಿಕೆ ಇದ್ದರೆ ಕೆಮ್ಮಿನ ಸೀಸೆಗೆ ತೃಪ್ತರಾಗಬೇಡಿ, ಕಫ ಪರೀಕ್ಷೆಯನ್ನೇ ಕೇಳಿ. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಪರೀಕ್ಷೆಗೂ ಔಷಧಕ್ಕೂ ದುಡ್ಡಿಲ್ಲ. ಚಿಕಿತ್ಸೆ ಮುಗಿಯುವವರೆಗೆ ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ ಸಾವಿರ ರೂಪಾಯಿ ರೋಗಿಯ ಬ್ಯಾಂಕ್ ಖಾತೆಗೆ ಬರುತ್ತದೆ.